ಕಲ್ಲುಕಂಬಕ್ಕೆ ನಾಲ್ಕು ಪ್ರಯತ್ನ

ನಾನು ಭೂವಿಜ್ಞಾನದ ಪದವೀಧರ. ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾ ತಣಿದು ಮೂಡಿದ ಕಲ್ಲುಕಂಬಗಳನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಬಹಳ ಆಸೆ. ನಮ್ಮ ಊರು ಉಡುಪಿ, ಮನೆ ಮುಂಬಯಿ ಬಳಿಯ ಡೊಂಬಿವಲಿ. ಪ್ರತಿ ಸಲ ಊರಿಗೆ ಹೊರಟಾಗಲೂ ಏನಾದರೊಂದು ಆಗುತ್ತದೆ.

ಮದುವೆ

ಮೇ ತಿಂಗಳ ರಜೆಗೆ ವೇಳಾಪಟ್ಟಿ ಬರೆದೆ. ಗುರುವಾರ: ದ್ವೀಪ.

"ಗುರುವಾರ ಅತ್ತೆಯ ನಾದಿನಿಯ ಮಗಳ ಮದುವೆ," ಎಂದರು ಅಮ್ಮ.

"ಅವಳನ್ನು ನಾವು ನೋಡಿಯೇ ಇಲ್ಲವಲ್ಲ?"

"ಹೋದರಲ್ಲವಾ ನೋಡುವುದು?"

ದ್ವೀಪಕ್ಕೂ ಇದೇ ತರ್ಕ ಸಲ್ಲುತ್ತದೆ ಎಂದೆ.

"ಕಲ್ಲು ಎಲ್ಲಿಗೂ ಓಡುವುದಿಲ್ಲ. ಊಟದ ಪಂಕ್ತಿ ಕಾಯುವುದಿಲ್ಲ."

ಆಷಾಢ

ಮದುವೆಗಳಿಲ್ಲದ ತಿಂಗಳು ಹುಡುಕಿ ಜುಲೈಯಲ್ಲಿ ಹೋದೆ. ಮಳೆಗಾಲದಲ್ಲಿ ದೋಣಿ ಇಲ್ಲ. ದಡದಲ್ಲಿ ಬಲೆ ಹೆಣೆಯುತ್ತಿದ್ದವರು ಕೇಳಿದರು: "ಎಂತ ಓದಿದ್ದು?"

"ವಿಜ್ಞಾನ."

ಅವರು ಸಮುದ್ರವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಲೆ ಹೆಣೆದರು.

ರಜೆ ಅರ್ಜಿ

ನವಿ ಮುಂಬಯಿಯ ಆಫೀಸಿನಲ್ಲಿ ಸಾಹೇಬರು ಕಾರಣ ಕೇಳಿದರು. "ಕಲ್ಲು ನೋಡಲು," ಎಂದೆ.

"ದಿನಾ ರೈಲಿನಲ್ಲಿ ಮುಂಬ್ರಾ ಗುಡ್ಡ ದಾಟಿಕೊಂಡೇ ಬರುತ್ತೀಯಲ್ಲ? ನಾಳೆ ಕಿಟಕಿ ಪಕ್ಕ ಕೂತ್ಕೋ."

ಕಿಟಕಿ ಪಕ್ಕವಂತೆ! ಅವರು ಕಾರಿನಲ್ಲಿ ಬರುವವರು.

ರಿಟರ್ನ್

ಡೊಂಬಿವಲಿಯಲ್ಲಿ ಬೆಳಿಗ್ಗೆ ಹತ್ತಿದರೆ ಲೋಕಲ್‌ನಲ್ಲಿ ಸೀಟು ಸಿಗುವುದಿಲ್ಲ. ಅದಕ್ಕೆ ನಾವು ಮೊದಲು ಹಿಂದಕ್ಕೆ, ಗಾಡಿ ಹೊರಡುವ ಕಲ್ಯಾಣ ಸ್ಟೇಷನ್ನಿಗೆ ಹೋಗುತ್ತೇವೆ. ಅಲ್ಲಿ ಇಳಿಯದೆ, ಹಿಡಿದ ಸೀಟು ಬಿಡದೆ, ಅದೇ ಗಾಡಿಯಲ್ಲಿ ಮುಂಬಯಿ ಕಡೆಗೆ ಬರುತ್ತೇವೆ. ಇದೇ 'ರಿಟರ್ನ್'. ಚಿಕ್ಕಪ್ಪ ಇಪ್ಪತ್ತೆರಡು ವರ್ಷ ಹೀಗೇ ಕೆಲಸಕ್ಕೆ ಹೋದವರು.

ಕಳೆದ ಡಿಸೆಂಬರಿನಲ್ಲಿ ಅವರೊಡನೆ ಕೊನೆಗೂ ದೋಣಿ ಹತ್ತಿದೆ. ಚಿಕ್ಕಪ್ಪ ದೂರದಿಂದಲೇ ಕರವಸ್ತ್ರ ಎಸೆದು ಅಂಚಿನ ಎರಡು ಸೀಟು ಹಿಡಿದರು. ದ್ವೀಪ ಬಂತು. ನಾಲ್ಕು ಮಾರು ದೂರದಲ್ಲಿ ಕಂಬಗಳು, ಒಂದೊಂದರ ಮುಖಗಳನ್ನು ಎಣಿಸಬಹುದಾದಷ್ಟು ಸ್ಪಷ್ಟ. ಮರಳಿ ಹೋಗುವವರ ಗುಂಪು ದೋಣಿಗೆ ಕಾಯುತ್ತಿತ್ತು. ನಾನು ಎದ್ದೆ.

ಚಿಕ್ಕಪ್ಪ ಅಂಗಿ ಹಿಡಿದೆಳೆದರು. "ಬುದ್ಧಿ ಉಂಟಾ ಮಾರಾಯ? ಆ ಗರ್ದಿ ನೋಡು! ಎದ್ರೆ ಸೀಟು ಹೋಯ್ತು. ಕೂತ್ಕೋ!"

ಕಾಲೇಜಿಗೆ ರಿಟರ್ನ್ ಹಿಡಿಯುತ್ತಿದ್ದ ಕಾಲದಿಂದ ಬಂದ ಅಭ್ಯಾಸ. ಕೂತೆ. ಜನ ಹತ್ತಿದರು, ದೋಣಿ ಹೊರಟಿತು.

ಅರ್ಧ ದಾರಿಯಲ್ಲಿ ಚಿಕ್ಕಪ್ಪನ ಮುಖ ಬದಲಾಯಿತು.

"ನಾವು ಅಲ್ಲಿ ಇಳಿಯಬೇಕಿತ್ತಲ್ವಾ?"

"ಹೌದು."

ಅವರು ನಡುವೆ ಮುದುರಿ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿ, ಕಾಲು ಚಾಚಿ ಹೇಳಿದರು:

"ಇರಲಿ. ಕೂತುಕೊಂಡು ಬಂದೆವಲ್ಲ."