ಪುಸ್ತಕದ ಹುಡುಗನಿಗೆ ಹೊತ್ತ ಹರಕೆ

ನಾನು ಯಾವ ಕೆಲಸವನ್ನೂ ಅವಸರದಲ್ಲಿ ಮಾಡುವವನಲ್ಲ. ಆದರೂ ನಗೆಗೀಡಾಗುವುದು ತಪ್ಪಿಲ್ಲ. ಬೇರೆಯವರು ಒಂದೇ ದಿನದಲ್ಲಿ ಮಾಡಿ ಮುಗಿಸುವ ಎಡವಟ್ಟನ್ನು ನಾನು ಮೂರು ವಾರ ಕೂತು ಮಾಡುತ್ತೇನೆ, ಅಷ್ಟೇ ವ್ಯತ್ಯಾಸ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಕಾದಂಬರಿಯಿಂದ ಆದದ್ದೂ ಹಾಗೇ.

ಆಗ ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಒಂದು ರೇಷ್ಮೆ ಮಗ್ಗವಿತ್ತು, ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಮಗಳು ದಿನಾ ಬಸ್ಸಿನಲ್ಲಿ ಚಳ್ಳಕೆರೆ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಒಂದು ಶನಿವಾರ ಅವಳ ಚೀಲದಲ್ಲಿ ಲೈಬ್ರರಿಯ ಕಾದಂಬರಿ ಕಂಡಿತು. ತೆರೆದರೆ, ಮೊದಲ ಪುಟದಲ್ಲೇ ಹದಿನಾರು ವರ್ಷದ ಒಬ್ಬ ಹುಡುಗ ಹಾಸ್ಟೆಲ್ ವಾರ್ಡನ್‌ನ ಚಪ್ಪಲಿಯನ್ನು ಬಾವಿಗೆ ಎಸೆದೆನೆಂದು ಬರೆದುಕೊಂಡಿದ್ದ. ಮಾಡಿದ್ದಕ್ಕೆ ಬೇಜಾರು ಮಾಡಿಕೊಂಡ ಹಾಗೆ ಎಲ್ಲೂ ಕಾಣಲಿಲ್ಲ. ಇಂಥದ್ದನ್ನು ಓದಿಸುವ ಕಾಲೇಜು ಎಂಥದ್ದು ಎಂದು ನನಗೆ ಅನುಮಾನ ಬಂತು. ಪುಸ್ತಕ ಪೂರ್ತಿ ಓದಿ ಹೇಳುತ್ತೇನೆ, ಅಲ್ಲಿಯವರೆಗೆ ಕಾಲೇಜಿಗೆ ಹೋಗುವುದು ಬೇಡ ಎಂದೆ.

"ಹಾಜರಿ ಕಮ್ಮಿಯಾದ್ರೆ ಪರೀಕ್ಷೆಗೆ ಕೂರ್ಸಲ್ಲ ಕಣಪ್ಪ" ಎಂದಳು ಮಗಳು. ನಾನು ಓದುವ ವೇಗ ಅವಳಿಗೆ ಗೊತ್ತಿತ್ತು. ಅದಕ್ಕೇ ಕಣ್ಣು ತುಂಬಿಕೊಂಡಿದ್ದಳು.

ಅಪ್ಪ ತೀರಿಕೊಂಡದ್ದು

ನಮ್ಮೂರ ಶಾಲೆಯ ಮೇಷ್ಟ್ರು ಗಟ್ಟಿಯಾಗಿ ಓದದ್ದನ್ನು ಓದು ಎಂದೇ ಒಪ್ಪುತ್ತಿರಲಿಲ್ಲ. ನನಗೆ ಈಗಲೂ ಬಾಯಿ ಮುಚ್ಚಿಕೊಂಡು ಓದಲು ಬರುವುದಿಲ್ಲ. ಸಾಲದ್ದಕ್ಕೆ, ನಮ್ಮ ಮನೆಯಲ್ಲಿ ಪುಸ್ತಕ ಅಂದರೆ ಶ್ರಾವಣದಲ್ಲಿ ಓದುವ ಪುರಾಣ ಒಂದೇ. ಅದೇ ರೂಢಿಯಲ್ಲಿ ಕೈಕಾಲು ತೊಳೆದು, ಮಣೆ ಹಾಕಿಕೊಂಡು, ಕಾದಂಬರಿಗೆ ಅರಿಶಿನ ಕುಂಕುಮ ಇಟ್ಟು, ಕಣ್ಣಿಗೊತ್ತಿಕೊಂಡು ರಾಗವಾಗಿ ಶುರು ಮಾಡಿದೆ.

"ನಾನು ಸುಳ್ಳುಗಾರ. ಸಿಗರೇಟು ಸೇದಿದ್ದೇನೆ. ನಮ್ಮಪ್ಪ ತೀರಿಕೊಂಡರು ಎಂದು ಎಲ್ಲರಿಗೂ ಹೇಳಿದೆ."

ಪಕ್ಕದ ಮನೆಯ ಅಜ್ಜಿಗೆ ಗೋಡೆಯಾಚೆಯಿಂದ ಇದು ಕೇಳಿಸಿತು. ಮನೆಮಾತು ತೆಲುಗು, ಕಣ್ಣು ಮಂಜು, ಕಿವಿ ಮಾತ್ರ ಬಹಳ ಚುರುಕು. ಸ್ವಲ್ಪ ಹೊತ್ತಿಗೆ ಇನ್ನೂ ನಾಲ್ಕು ಹೆಂಗಸರನ್ನು ಕರೆದುಕೊಂಡು ನಮ್ಮ ಮನೆ ಮುಂದೆ ಬಂದಳು. ಜಗುಲಿಯ ಮೇಲೆ ನಮ್ಮಪ್ಪ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಅವರನ್ನೇ ಕೇಳಿದಳು, "ದೊಡ್ಡೋರು ಯಾವಾಗ ಹೋದ್ರಪ್ಪಾ? ಪಾಪಂ, ಯಾರ ತಂಟೆಗೂ ಹೋದೋರಲ್ಲ."

ಅಪ್ಪ ಎಲೆ ಉಗುಳಿ ಬಂದು ಹೇಳಿದರು, "ಇನ್ನೂ ಹೋಗಿಲ್ಲ ಕಣಮ್ಮ. ಇವನು ಇನ್ನೆರಡು ಪುಟ ಓದಿದ್ರೆ ಹೋಗ್ತೀನಿ."

ಬುದ್ಧಿಮಾತಿನ ಕಾರ್ಡು

ದಿನಕ್ಕೆ ಒಂದೆರಡು ಪುಟದಂತೆ ಓದು ಸಾಗಿತು. ಹುಡುಗ ನನಗೆ ದಿನದಿನಕ್ಕೂ ಬೇಸರ ತರಿಸಿದ. ಮೇಷ್ಟ್ರನ್ನು ಆಡಿಕೊಳ್ಳುತ್ತಿದ್ದ, ಊಟಕ್ಕೆ ಹೆಸರಿಡುತ್ತಿದ್ದ. ಆದರೆ ಹದಿನಾಲ್ಕನೆಯ ಪುಟದಲ್ಲಿ ಹಾಸ್ಟೆಲ್ಲಿನ ನೀರಿನ ತೊಟ್ಟಿಯ ಹಿಂದೆ ಕೂತು ಒಬ್ಬನೇ ಅತ್ತ. ಆಗ ನನಗೆ ತಡೆಯಲಾಗಲಿಲ್ಲ. ಬರೆದವರ ಹೆಸರು ನೋಡುವ ಗೋಜಿಗೆ ನಾನು ಹೋಗಿರಲಿಲ್ಲ; 'ನಾನು' ಎಂದು ಬರೆದಿರುವುದರಿಂದ ಬರೆದವನೇ ಆ ಹುಡುಗ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅವನಿಗೆ ಒಳ್ಳೇ ಬುದ್ಧಿ ಬರಲಿ, ನಮ್ಮ ಕಡೆಯ ಬೆಟ್ಟದ ದೇವರು ಜಟಿಂಗ ರಾಮೇಶ್ವರನಿಗೆ ಅರ್ಚನೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ. ಪ್ರಕಾಶಕರ ವಿಳಾಸಕ್ಕೆ ಒಂದು ಕಾರ್ಡನ್ನೂ ಬರೆದೆ. ಚಿರಂಜೀವಿ, ವಾರ್ಡನ್ ಹತ್ತಿರ ತಪ್ಪಾಯಿತು ಅನ್ನು, ಅಪ್ಪನಿಗೆ ಕಾಗದ ಹಾಕು, ಓದು ಹತ್ತದಿದ್ದರೆ ನಮ್ಮಲ್ಲಿಗೆ ಬಾ, ಮಗ್ಗ ಕಲಿಸುತ್ತೇನೆ.

ಹತ್ತು ದಿನಕ್ಕೆ ಉತ್ತರ ಬಂತು, ಮುತ್ತಿನಂಥ ಅಕ್ಷರದಲ್ಲಿ. "ನಿಮ್ಮ ಪ್ರೀತಿಗೆ ಋಣಿ. ನನಗೀಗ ಅರವತ್ತೆರಡು ವರ್ಷ, ಮೂವರು ಮೊಮ್ಮಕ್ಕಳಿದ್ದಾರೆ. ಮೊಣಕಾಲು ನೋವಿರುವುದರಿಂದ ಮಗ್ಗದ ಗುಂಡಿಗೆ ಇಳಿಯುವುದು ಕಷ್ಟ. ಹುಡುಗ ಕ್ಷಮೆ ಕೇಳುತ್ತಾನೋ ಇಲ್ಲವೋ, ದಯವಿಟ್ಟು ಮುಂದೆ ಓದಿ." ಕೆಳಗೆ ಒಬ್ಬ ಹೆಣ್ಣುಮಗಳ ಸಹಿ ಇತ್ತು.

ಲೈಬ್ರರಿಯಲ್ಲಿ

ಅಷ್ಟರಲ್ಲಿ ಪುಸ್ತಕ ವಾಪಸ್ ಕೊಡುವ ದಿನ ಬಂತು. ಪಾರಾಯಣ ಶುರು ಮಾಡಿದ ಮೇಲೆ ಅರ್ಧಕ್ಕೆ ಬಿಡುವ ಹಾಗಿಲ್ಲ. ಇನ್ನಷ್ಟು ದಿನ ಕೇಳೋಣವೆಂದು ನಾನೇ ಚಳ್ಳಕೆರೆಗೆ ಹೋದೆ.

ಲೈಬ್ರರಿಯ ಮೇಡಂ ಪುಸ್ತಕ ತೆರೆದರು. ಅಕ್ಷತೆ ಮೇಜಿನ ಮೇಲೆ ಉದುರಿತು. ದಾಸವಾಳದ ಎಸಳೊಂದು ಎರಡು ಪುಟಗಳ ನಡುವೆ ಅಂಟಿಕೊಂಡಿತ್ತು. ಆಕೆ ಮೆಲ್ಲಗೆ ಪುಟ ತಿರುವುತ್ತ, ಮೂವತ್ತನೇ ಪುಟದಿಂದಾಚೆ ಕುಂಕುಮವೇ ಇಲ್ಲವಲ್ಲ, ಇನ್ನೂ ಇಷ್ಟೇನಾ ಓದಿರುವುದು ಎಂದರು. ನಿಮ್ಮ ಮಗಳ ಹಾಜರಿ ಇನ್ನೊಂದು ವಾರ ತಪ್ಪಿದರೆ ಆಮೇಲೆ ಯಾರೂ ಏನೂ ಮಾಡುವಂತಿಲ್ಲ ಎಂದೂ ಹೇಳಿದರು. ಪುಸ್ತಕಕ್ಕೆ ಇನ್ನೊಂದು ತಾರೀಖು ಒತ್ತಿ ಕೊಡುತ್ತ, ಹುಡುಗ ಹೇಗನ್ನಿಸಿದ ಎಂದು ಕೇಳಿದರು.

ನಾನು ಯೋಚಿಸಿ ಉತ್ತರ ಕೊಟ್ಟೆ. "ಒಳಗೆ ಮೆತ್ತಗಿದ್ದಾನೆ ಮೇಡಂ. ಆದ್ರೆ ಯಾರ ಮಾತೂ ಕೇಳಲ್ಲ. ಅರ್ಧಂಬರ್ಧ ತಿಳ್ಕೊಂಡು, ತಾನು ಹೇಳಿದ್ದೇ ಸರಿ ಅಂತಾನೆ."

"ಹೌದು ಯಜಮಾನ್ರೇ. ನಮ್ಮನೇಲೂ ಇಂಥೋರೊಬ್ರು ಇದಾರೆ ಅಂತ ನಿಮ್ಮ ಮಗಳು ಹೇಳ್ತಿದ್ಲು."

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು, ಅದು ಯಾರಿರಬಹುದು ಎಂದು ಬಹಳ ಯೋಚನೆ ಮಾಡಿದೆ. ಬಸ್ಸು ತಳಕು ಊರನ್ನು ದಾಟುವ ಹೊತ್ತಿಗೆ ಹೊಳೆಯಿತು: ನಮ್ಮಪ್ಪನೇ ಇರಬೇಕು.

ಅರ್ಚನೆ

ಹುಡುಗನೇ ಇಲ್ಲವೆಂದ ಮೇಲೆ ಹರಕೆ ಯಾಕೆ ಎಂದಳು ಹೆಂಡತಿ. ಹುಡುಗ ಸುಳ್ಳಿರಬಹುದು, ಹರಕೆ ಹೊತ್ತದ್ದು ನಿಜವಾದ ದೇವರಿಗೆ ಎಂದೆ. ಆ ವಾರದ ಕೊನೆಯಲ್ಲಿ ಹೆಂಡತಿ, ಮಗಳನ್ನು ಕರೆದುಕೊಂಡು ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದೆ. ಗುಡಿಯಲ್ಲಿ ಜನವಿತ್ತು.

ಪೂಜಾರಪ್ಪನವರು ಯಾರ ಹೆಸರಿಗೆ ಎಂದು ಕೇಳಿದರು. ಒಬ್ಬ ಹುಡುಗನಿಗೆ, ಒಳ್ಳೇ ಬುದ್ಧಿ ಬರಲಿ ಅಂತ ಎಂದೆ. ಹೆಸರು, ಗೋತ್ರ ಕೇಳಿದರು.

"ಗೊತ್ತಿಲ್ಲ ಸ್ವಾಮಿ. ಮೂವತ್ತು ಪುಟ ಆದ್ರೂ ಹೆಸರು ಹೇಳಿಲ್ಲ."

ಅವರು ನನ್ನನ್ನು ಒಂದು ಸಲ ನೋಡಿ, ತಂದೆ ಇದ್ದಾರಾ ಎಂದರು. ಇದ್ದಾರೆ, ಆದರೆ ಸತ್ತಿದ್ದಾರೆ ಅಂತ ಹುಡುಗ ಹೇಳಿಕೊಂಡು ತಿರುಗುತ್ತಾನೆ ಎಂದೆ. ಹುಡುಗ ಈಗ ಎಲ್ಲಿದ್ದಾನೆ ಎಂದರು. ಮಗಳು ತಲೆ ತಗ್ಗಿಸಿ, "ಪುಸ್ತಕದಾಗೆ ಇದಾನ್ರಿ" ಎಂದಳು.

ಹಿಂದೆ ನಿಂತವರು ತಟ್ಟೆ ಹಿಡಿದು ತಳ್ಳುತ್ತಿದ್ದರು. ಪೂಜಾರಪ್ಪನವರಿಗೆ ಸಾಕಾಯಿತು. ಹೆಸರು ತಿಳಿಯದಿದ್ದರೆ ಹರಕೆ ಹೊತ್ತವರ ಹೆಸರಿನಲ್ಲೇ ಮಾಡುವುದು ಪದ್ಧತಿ ಎಂದು ಹೇಳಿ, ನನ್ನ ಹೆಸರು, ಗೋತ್ರ, ನಕ್ಷತ್ರ ಕೇಳಿಕೊಂಡರು. ಆಮೇಲೆ ಗುಡಿಯೆಲ್ಲ ಮೊಳಗುವಂತೆ ನನ್ನ ಗೋತ್ರ, ನನ್ನ ನಕ್ಷತ್ರ, ನನ್ನ ಹೆಸರು ಹೇಳಿ, ಇವರಿಗೆ ಬೇಗನೆ ಒಳ್ಳೆಯ ಬುದ್ಧಿ ಕೊಡು ತಂದೆ ಎಂದು ಬೇಡಿಕೊಂಡರು. ಜನ ಕತ್ತೆತ್ತಿ ನೋಡಿದರು. ಮಗಳು ಕಂಬದ ಕಡೆ ತಿರುಗಿ ಬಾಯಿಗೆ ದಾವಣಿ ಒತ್ತಿಕೊಂಡಳು. ಹೆಂಡತಿ ಅಷ್ಟು ಭಕ್ತಿಯಿಂದ ಕಣ್ಣು ಮುಚ್ಚಿ ಕೈಮುಗಿದದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ಮಂಗಳಾರತಿ ಮುಗಿದ ಮೇಲೆ ಆಕೆ, "ಸ್ವಾಮಿ, ಇನ್ನೊಂದು ಸಲ ಮಾಡ್ರಿ" ಎಂದಳು.

ಇಳಿಯುವಾಗ ಅರ್ಧ ದಾರಿಯಲ್ಲಿ ಒಂದು ಬಂಡೆಯ ಮೇಲೆ ಕೂತು ಸುಧಾರಿಸಿಕೊಂಡೆ. ಸೋಮವಾರದಿಂದ ಕಾಲೇಜಿಗೆ ಹೋಗು ಎಂದು ಮಗಳಿಗೆ ಹೇಳಿದೆ. ಅವಳು ನನ್ನ ಕೈಯ ತೆಂಗಿನಕಾಯಿ ಚೀಲವನ್ನು ತಾನೇ ಹಿಡಿದುಕೊಂಡಳು.

ಅವಳ ಅವ್ವ ಮಾತ್ರ ಬೆಟ್ಟದ ಕಡೆ ತಿರುಗಿ ಮತ್ತೊಮ್ಮೆ ಕೈಮುಗಿದಳು. "ನೋಡ್ರಿ, ಇಪ್ಪತ್ತೆರಡು ವರ್ಷದಿಂದ ಮನೇಲೇ ಬೇಡ್ಕೋತಿದ್ದೆ, ಆಗಿರ್ಲಿಲ್ಲ. ದೇವರಿಗೆ ಗೋತ್ರ ಹೇಳ್ಬೇಕಿತ್ತು ಅಂತ ನನಗೇನು ಗೊತ್ತು."