ಹಾಲಿನ ಪುಡಿಯ ಡಬ್ಬಿ ಮತ್ತು ವಲೇರಿಯನ್ನರ ರಾಕ್ಷಸರು

ಗಲ್ಫಿನಲ್ಲಿ ಯಾರಾದರೂ ಕೆಲಸ ಮುಗಿಸಿ ಊರಿಗೆ ಖಾಯಂ ಹೊರಟರೆಂದರೆ ಅವರ ಮನೆ ಖಾಲಿಯಾಗುತ್ತದೆ, ನಮ್ಮ ಮನೆ ತುಂಬುತ್ತದೆ. ಒಮಾನಿನ ವಾದಿ ಕಬೀರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಂಗಡಿಯಿಂದ ಹೊಸದಾಗಿ ತಂದ ವಸ್ತು ಬಹಳ ಕಡಿಮೆ. ಮಿಕ್ಸಿ ಕಾಸರಗೋಡಿಗೆ ಹೋದವರದು, ಇಸ್ತ್ರಿ ಮೇಜು ಉಡುಪಿಗೆ ಹೋದವರದು, ಪರದೆಗಳು ಎಲ್ಲಿಗೆ ಹೋದವರವೆಂದು ಈಗ ನೆನಪಿಲ್ಲ. ಅವು ನಮ್ಮ ಕಿಟಕಿಗೆ ಒಂದು ಗೇಣು ಗಿಡ್ಡ. "ಈ ಮನೆಯಲ್ಲಿ ನಿಮ್ಮೊಬ್ಬರನ್ನು ಬಿಟ್ಟರೆ ಉಳಿದದ್ದೆಲ್ಲ ಸೆಕೆಂಡ್ ಹ್ಯಾಂಡ್" ಎಂದು ನಾನು ಒಮ್ಮೆ ಇವರಿಗೆ ತಮಾಷೆಗೆ ಹೇಳಿದ್ದಕ್ಕೆ ಅರ್ಧ ದಿನ ಮಾತು ಬಿಟ್ಟಿದ್ದರು. ಅಲ್ಹಮ್ದುಲಿಲ್ಲಾ, ಮಿಕ್ಸಿ ಇನ್ನೂ ತಿರುಗುತ್ತಿದೆ. ಇವರ ಮಾತೂ ತಿರುಗಿ ಬಂದಿದೆ. ಸಣ್ಣ ಸಣ್ಣದಕ್ಕೂ ದೇವರಿಗೆ ಶುಕ್ರ್ ಹೇಳಬೇಕೆಂದು ನನ್ನ ಉಮ್ಮ ಕಲಿಸಿದ್ದು. ದೊಡ್ಡದಕ್ಕೆ ಎಲ್ಲರೂ ಹೇಳುತ್ತಾರೆ.

ಹೀಗೆ ಬಂದದ್ದೇ ವಲೇರಿಯನ್ನರ ರಟ್ಟಿನ ಪೆಟ್ಟಿಗೆ. ವಲೇರಿಯನ್ ಎಂದರೆ ಇವರು ಕೆಲಸ ಮಾಡುವ ಸ್ಪೇರ್ ಪಾರ್ಟ್ಸ್ ಅಂಗಡಿಯ ಗೋದಾಮನ್ನು ಬಹಳ ವರ್ಷ ನೋಡಿಕೊಂಡವರು, ಬಜ್ಪೆ ಕಡೆಯವರು, ಮದುವೆಯಾಗದವರು. ಹೊರಡುವ ಹಿಂದಿನ ದಿನ ಪೆಟ್ಟಿಗೆಯನ್ನು ಹೊತ್ತು ತಂದು ಬಾಗಿಲಲ್ಲೇ ಇಟ್ಟು, "ಮೈಮೂನಾ, ಇದು ರಿಫಾಳಿಗೆ. ರದ್ದಿಗೆ ಹಾಕಬೇಡಿ ಮಾರಾಯ್ತಿ, ನನ್ನ ಪ್ರಾಯ ಇಡೀ ಇದರೊಳಗೆ ಉಂಟು" ಎಂದರು. ಪ್ರಾಯ ಕಳೆದವರು ಪೆಟ್ಟಿಗೆಯಲ್ಲಿಟ್ಟು ಕೊಡುವುದು ಸಾಮಾನ್ಯವಾಗಿ ಫೋಟೊ. ತೆರೆದು ನೋಡಿದರೆ ಮೇಲೆಯೇ ಒಂದು ಕೊಂಬಿನ ರಾಕ್ಷಸ, ಬಾಯಿ ತೆರೆದು, ಹಲ್ಲು ಉಜ್ಜದೆ ಕೂತಿದ್ದಾನೆ. ನಾನು ಬಿಸ್ಮಿಲ್ಲಾ ಹೇಳಿ ಪೆಟ್ಟಿಗೆ ಮುಚ್ಚಿದೆ. ರಿಫಾ ಖುಷಿಯಿಂದ ಕಿರುಚಿ ಪೆಟ್ಟಿಗೆ ತೆರೆದಳು; ಒಳಗಿದ್ದದ್ದು ಯಾವುದೋ ಆಟದ ಪುಸ್ತಕಗಳು.

ರಿಫಾ ನಮ್ಮ ಒಬ್ಬಳೇ ಮಗಳು, ಎಂಟನೆಯ ಕ್ಲಾಸು. ಮೊದಲು ನಾವು ಸುವೈಕ್‌ನಲ್ಲಿದ್ದೆವು; ಅಲ್ಲಿನ ಅಂಗಡಿ ಮುಚ್ಚಿ ಇವರನ್ನು ಇಲ್ಲಿಗೆ ಹಾಕಿದರು. ವರ್ಷದ ನಡುವೆ ಶಾಲೆ ಬದಲಾದ ಮಗುವಿಗೆ ಸ್ನೇಹಿತರು ಸಿಗುವುದು ಓಡುವ ಬಸ್ಸಿನಲ್ಲಿ ಸೀಟು ಸಿಕ್ಕಿದ ಹಾಗೆ. ಅವಳು ಏನೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಅವಳ ಬುತ್ತಿ. ಸುವೈಕ್‌ನಲ್ಲಿ ನಾಲ್ಕು ಅಕ್ಕಿ ಪತ್ತಿರಿ ಹಾಕಿದರೆ "ಇನ್ನೂ ಹಾಕು ಉಮ್ಮಾ, ಎಲ್ಲರೂ ತಿಂತಾರೆ" ಎನ್ನುತ್ತಿದ್ದವಳ ಡಬ್ಬಿಯಲ್ಲಿ ಈಗ ಎರಡು ಹಾಕಿದರೆ ಒಂದು ವಾಪಸು ಬರುತ್ತಿತ್ತು. ಒಬ್ಬಳೇ ಕೂತು ತಿನ್ನುವವರಿಗೆ ಹಸಿವು ಕಡಿಮೆ. ನಾನೂ ಕೇಳಲಿಲ್ಲ, ಉಳಿದ ಪತ್ತಿರಿಯನ್ನು ನಿಂತಲ್ಲೇ ತಿಂದು ತೂಕ ಹೆಚ್ಚಿಸಿಕೊಂಡೆ.

ಆ ಪೆಟ್ಟಿಗೆಯ ಫೋಟೊವನ್ನು ಅವಳು ಕ್ಲಾಸಿನ ಗುಂಪಿಗೆ ಕಳಿಸಿದಳಂತೆ. ಮಾರನೆಯ ದಿನವೇ ಮೂವರು ಹುಡುಗಿಯರು ಅವಳ ಬೆಂಚಿಗೆ ಬಂದು ಕೂತರಂತೆ. ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು ಆಡುವುದೆಂದೂ ತೀರ್ಮಾನವಾಗಿಹೋಯಿತು. "ಉಮ್ಮಾ, ಪ್ಲೀಸ್, ಓಕೆ ಅಲ್ವಾ?" ಎಂದು ಅವಳು ಕೇಳಿದ ದಿನ ಡಬ್ಬಿ ಖಾಲಿಯಾಗಿ ಬಂದಿತ್ತು. ನಾನು ತಾಯಿ, ಡಬ್ಬಿ ನೋಡಿ ಹೂಂ ಅನ್ನಬೇಕು. ನಾನು ಐದು ಹೊತ್ತು ನಮಾಝು ಮಾಡುವವಳು. ಕೊಂಬು ನೋಡಿ ಉಹೂಂ ಅನ್ನಬೇಕು. ಎರಡರ ನಡುವೆ ನಿಂತು, "ಶುಕ್ರವಾರದೊಳಗೆ ನಾನು ಎಲ್ಲ ಓದಿ ಹೇಳ್ತೇನೆ. ಯಾವುದು ಮನೆಯಲ್ಲಿ ಇರ್ಬಹುದು, ಯಾವುದು ಹೋಗ್ಬೇಕು ಅಂತ" ಎಂದೆ.

"ಎಲ್ಲಾನೂ? ಉಮ್ಮಾ, ಒಟ್ಟು ಹನ್ನೆರಡು ಬುಕ್ ಉಂಟು. ಇಂಗ್ಲಿಷ್!"

"ಬಂಗುಡೆ ನೋಡ್ಲಿಕ್ಕೆ ಸಮುದ್ರಕ್ಕೆ ಇಳಿಬೇಕಾ? ಕಿವಿರು ಎತ್ತಿ ನೋಡಿದ್ರೆ ಸಾಕು."

ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಂಗ್ಲಿಷನ್ನು ಮುಳ್ಳುಮೀನು ತಿಂದ ಹಾಗೆ ತಿನ್ನಬಲ್ಲೆ, ನಿಧಾನವಾಗಿ. ಮೊಬೈಲಿನಲ್ಲಿ ಅರ್ಥ ಹುಡುಕುತ್ತ, ಅಡುಗೆಮನೆಯ ಡೈರಿಯ ಹಿಂದಿನ ಪುಟದಲ್ಲಿ ಒಂದೊಂದೇ ಪುಸ್ತಕದ ತೀರ್ಪು ಬರೆಯುತ್ತ ಹೋದೆ. ಮೊದಲು ತಿಳಿದದ್ದು ಇಷ್ಟು: ಇದು ಹಲಗೆಯ ಮೇಲೆ ಕಾಯಿ ನಡೆಸುವ ಆಟವಲ್ಲ. ಒಬ್ಬರು ಕಥೆ ಹೇಳಬೇಕು. ಉಳಿದವರು ಕಥೆಯೊಳಗೆ ಒಬ್ಬೊಬ್ಬರಾಗಿ ಹೊಕ್ಕು "ನಾನು ಬಾಗಿಲು ದೂಡುತ್ತೇನೆ", "ನಾನು ರಾಕ್ಷಸನ ಕಾಲಿಗೆ ಹೊಡೆಯುತ್ತೇನೆ" ಎನ್ನಬೇಕು. ಬಾಗಿಲು ತೆರೆಯಿತೇ, ಕಾಲು ಮುರಿಯಿತೇ ಎಂದು ದಾಳ ಹೇಳುತ್ತದೆ. ಆಟದ ಮೂಲ ಪುಸ್ತಕ ಒಂದೇ. ಉಳಿದ ಹನ್ನೊಂದು ಅದಕ್ಕೆ ಪುರವಣಿಗಳು. ಅನ್ನ ಒಂದು, ಉಪ್ಪಿನಕಾಯಿ ಹನ್ನೊಂದು ಬಗೆ. ವಲೇರಿಯನ್ ಒಬ್ಬರೇ ಇದ್ದವರಲ್ಲವೇ, ಅದಕ್ಕೇ ಇರಬೇಕು.

ರಾಕ್ಷಸರ ಪುರವಣಿಯಿಂದ ಶುರುಮಾಡಿದೆ. ಹೆದರಿಕೊಂಡೇ ತೆರೆದವಳು ಹತ್ತು ಪುಟ ಕಳೆಯುವಾಗ ಒಲೆಯ ಮೇಲಿನ ಸಾರನ್ನು ಮರೆತಿದ್ದೆ. ಎಷ್ಟು ಅಚ್ಚುಕಟ್ಟು! ಪ್ರತಿ ರಾಕ್ಷಸನಿಗೂ ಎತ್ತರ, ಸಿಟ್ಟು, ಒಂದೇ ಗುಹೆಯಲ್ಲಿ ಎಷ್ಟು ಮಂದಿ ಇರುತ್ತಾರೆ, ಎಲ್ಲ ಬರೆದಿದೆ. ಮದುವೆಗೆ ಹುಡುಗನನ್ನು ವಿಚಾರಿಸುವಾಗಲೂ ನಮಗೆ ಇಷ್ಟು ವಿವರ ಸಿಗುವುದಿಲ್ಲ. ಕಬ್ಬಿಣ ತಿನ್ನುವ ಒಂದು ಹುಳು ಇತ್ತು. ಅದು ನಮ್ಮ ಏಸಿಯ ಹೊರಪೆಟ್ಟಿಗೆಯಲ್ಲಿ ವಾಸವಾಗಿದೆಯೆಂದು ನನಗೆ ಮೊದಲೇ ಸಂಶಯವಿತ್ತು. ತೀರ್ಪು: ಇಡಬಹುದು, ಆದರೆ ಮುಖಪುಟಕ್ಕೆ ಬೈಂಡು ಹಾಕಬೇಕು. ದೇವರುಗಳ ಬಗ್ಗೆಯೇ ಒಂದು ಪುರವಣಿ ಇತ್ತು. ಯುದ್ಧದ ದೇವರು, ಸಮುದ್ರದ ದೇವರು, ಅವರಿಗೂ ಅಂಕಗಳು. ಅದನ್ನು ತೆರೆಯದೆ ಹಳೆಯ ದುಪಟ್ಟಾದಲ್ಲಿ ಸುತ್ತಿ ಬದಿಗಿಟ್ಟೆ. ತೆರೆಯದೆ ಅಂಕದ ವಿಷಯ ಹೇಗೆ ಗೊತ್ತಾಯಿತೆಂದು ಇವರು ಕೇಳಿದರು. ಸುತ್ತುವಾಗ ಕಣ್ಣಿಗೆ ಬಿತ್ತು ಎಂದೆ. ತೀರ್ಪು: ಕಳಿಸುವುದು.

ನೆಲದಡಿಯ ಮನೆಯೊಂದರ ಪುರವಣಿ ನನ್ನನ್ನು ಬಹಳ ಕಾಡಿತು. ಒಬ್ಬ ಮಾಂತ್ರಿಕ ಗುಡ್ಡದೊಳಗೆ ನಲವತ್ತು ಕೋಣೆ ಕಟ್ಟಿಸಿದ್ದಾನೆ. ನಕ್ಷೆ ಇದೆ. ನಾನು ನಕ್ಷೆಯ ಮೇಲೆ ಬೆರಳಿಟ್ಟು ಕೋಣೆ ಕೋಣೆ ಹುಡುಕಿದೆ. ಅಡುಗೆಮನೆ ಇಲ್ಲ. ಬಾವಿ ಇಲ್ಲ. ಒಂದೇ ಒಂದು ಪಾಯಿಖಾನೆ ಇಲ್ಲ! ಚಿನ್ನ ಇಡಲು ನಾಲ್ಕು ಕೋಣೆ, ಬಟ್ಟೆ ಒಣಗಿಸಲು ಒಂದು ಹಗ್ಗ ಇಲ್ಲ. ಗಂಡಸರೇ ಕೂತು ಬರೆದದ್ದೆಂದು ಮುಖಪುಟ ನೋಡದೆ ಹೇಳಬಹುದು. ಹದಿನೇಳನೆಯ ಕೋಣೆಯೊಂದನ್ನು ಮಾತ್ರ ನಂಬಿದೆ: ಹನ್ನೊಂದು ಮಂದಿ ಕಳ್ಳರು ಒಂದೇ ಕೋಣೆಯಲ್ಲಿ ಮಲಗುತ್ತಾರೆ. ವಾದಿ ಕಬೀರಿನಲ್ಲಿ ಕಳ್ಳರಲ್ಲದವರೂ ಹಾಗೇ ಮಲಗುತ್ತಾರೆ.

ಮರುಭೂಮಿಯ ಪುರವಣಿ ಬರೆದವರು ಮರುಭೂಮಿ ಕಂಡವರಲ್ಲ. ಅದರಲ್ಲಿ ಮೂರು ದಿನ ನಡೆದರೂ ಎದುರಾಗುವುದು ಚೇಳು, ಹಾವು, ದೆವ್ವ. ಒಬ್ಬನೇ ಒಬ್ಬ ಮನುಷ್ಯ ಕಹ್ವಾ ಕಾಫಿ ಕೊಡುವುದಿಲ್ಲ. ಸುವೈಕ್‌ನಲ್ಲಿದ್ದಾಗ ಒಮ್ಮೆ ನಮ್ಮ ಕಾರು ಮರಳಿನಲ್ಲಿ ಹೂತುಹೋಗಿತ್ತು. ಎಲ್ಲಿಂದಲೋ ಒಬ್ಬ ಒಮಾನಿ ಅಜ್ಜ ಫ್ಲಾಸ್ಕು, ಖರ್ಜೂರದ ತಟ್ಟೆ ಹಿಡಿದು ಬಂದರು. ಕಾರನ್ನು ನೋಡಲೂ ಇಲ್ಲ. ಮೊದಲು ಮೂರು ಸಲ ಕಹ್ವಾ ಕುಡಿಸಿ, ಊರು, ಮನೆ, ಮಕ್ಕಳ ಕುಶಲ ಕೇಳಿ, ಆಮೇಲೆ "ಯಲ್ಲಾ" ಎಂದು ತಮ್ಮ ಪಿಕಪ್ಪಿಗೆ ಹಗ್ಗ ಕಟ್ಟಿದರು. ಇವರು ಅಷ್ಟು ಹೊತ್ತೂ ಬಿಸಿಲಲ್ಲಿ ಚಕ್ರ ನೋಡುತ್ತ ಬೆವರಿದ್ದು ಬೇರೆ. ಮರುಭೂಮಿಗೆ ತೀರ್ಪು ಬರೆದೆ: ಇಡಬಹುದು, ತಿದ್ದುಪಡಿಯೊಂದಿಗೆ.

ಬುಧವಾರ ಒಂದು ಅವಾಂತರವಾಯಿತು. ನೆಲದಡಿಯ ಮನೆಯ ಪುಟಗಳ ಅಂಚಿನಲ್ಲಿ ವಲೇರಿಯನ್ ಪೆನ್ಸಿಲಿನಲ್ಲಿ ಏನೇನೋ ಬರೆದಿದ್ದರು. ಒಂಬತ್ತನೆಯ ಕೋಣೆಯ ಬದಿಯಲ್ಲಿ, "ಫೆಲಿಕ್ಸ್ ಇಲ್ಲಿ ಸತ್ತ." ಹದಿನಾಲ್ಕರಲ್ಲಿ, "ಹೆನ್ರಿ ಸತ್ತ. ಎಲ್ಲರೂ ಅತ್ತೆವು." ಪಾಪ, ಎಷ್ಟು ಸ್ನೇಹಿತರನ್ನು ಕಳಕೊಂಡಿದ್ದಾರೆ, ಗೋದಾಮಿನಲ್ಲಿ ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲವಲ್ಲ! ಇವರು ಊಟಕ್ಕೆ ಬಂದಾಗ ಫೋನು ಹಚ್ಚಿಸಿ, ಬಜ್ಪೆಯಲ್ಲಿದ್ದ ವಲೇರಿಯನ್ನರಿಗೆ, "ನಿಮ್ಮ ಫೆಲಿಕ್ಸ್ ವಿಷಯ ಗೊತ್ತಾಯ್ತು, ಬಹಳ ಬೇಸರ ಆಯ್ತು" ಎಂದೆ.

ವಲೇರಿಯನ್ ಗಾಬರಿಯಾಗಿ ಕೇಳಿದರು: "ಫೆಲಿಕ್ಸಿಗೆ ಎಂತ ಆಯ್ತು? ಬೆಳಿಗ್ಗೆ ಇಲ್ಲೇ ಬಂದಿದ್ದನಲ್ಲ, ಸಕ್ಕರೆ ಹಾಕದ ಚಾ ಕುಡಿದು ಹೋದ!"

ವಿಷಯ ಬಿಡಿಸಿ ಹೇಳಿದ ಮೇಲೆ ಅವರು ನಕ್ಕ ನಗುವಿಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಸತ್ತದ್ದು ಆಟದಲ್ಲಂತೆ. ವಾದಿ ಕಬೀರಿನ ಒಂದೇ ಕೋಣೆಯಲ್ಲಿ ಆರು ಮಂದಿ ಇದ್ದಾಗ, ರಜೆಯ ದಿನ ಹೋಗಲು ಬೇರೆ ಜಾಗವಿಲ್ಲದೆ ಈ ಗುಹೆಗೆ ಹೋಗುತ್ತಿದ್ದರಂತೆ. "ಆ ಪುಸ್ತಕ ಇಲ್ಲದಿದ್ರೆ ನಾವು ನಿಜವಾಗಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದೆವು ಮೈಮೂನಾ" ಎಂದರು. ಆಮೇಲೆ, ಸ್ವಲ್ಪ ಮೆಲ್ಲಗೆ, "ಹುಡುಗಿಯರು ಆಡ್ತಾರಲ್ಲ?" ಎಂದು ಕೇಳಿದರು. ಪಾಯಿಖಾನೆ ಇಲ್ಲದ ಆ ಮನೆಗೆ ನಾನು ಡೈರಿಯಲ್ಲಿ ಬರೆದೆ: ಇಡುವುದೇ.

ಉಳಿದದ್ದು ದಾಳ. ಪೆಟ್ಟಿಗೆಯ ತಳದಲ್ಲಿ ಒಂದು ಚೀಲ, ಅದರಲ್ಲಿ ಇಪ್ಪತ್ತು ಮುಖದ, ಎಂಟು ಮುಖದ ಬಣ್ಣದ ದಾಳಗಳು, ಮಿಠಾಯಿಯಂತೆ. ದಾಳ ಮನೆಯೊಳಗೆ ಬರಬಾರದೆಂದು ಮದ್ರಸದಲ್ಲಿ ಕಲಿತವಳು ನಾನು. "ಉಮ್ಮಾ, ಇದು ಗ್ಯಾಂಬ್ಲಿಂಗ್ ಅಲ್ಲ. ದುಡ್ಡು ಎಲ್ಲುಂಟು ಇದ್ರಲ್ಲಿ?" ಎಂದು ರಿಫಾ ವಾದಿಸಿದಳು. ಅವಳ ವಾದ ಸರಿಯಿರಬಹುದು. ತಿಳಿದವರು ಒಂದೊಂದು ರೀತಿ ಹೇಳುತ್ತಾರೆ. ನನಗೆ ಸಮಾಧಾನವಾಗದ್ದನ್ನು ನಾನು ಮಾಡುವವಳಲ್ಲ. ಗುರುವಾರ ಸಂಜೆ ಅವಳ ಮುಖ ನಮ್ಮ ಕಿಟಕಿಯ ಪರದೆಯ ಹಾಗೆ ಗಿಡ್ಡವಾಗಿತ್ತು. ಆಗ ನನ್ನ ಕಣ್ಣಿಗೆ ಹಾಲಿನ ಪುಡಿಯ ಡಬ್ಬಿ ಬಿತ್ತು.

ನಮ್ಮ ಕಟ್ಟಡದ ಹೆಂಗಸರು ಪಾತ್ರೆಯ ಚೀಟಿ ನಡೆಸುತ್ತೇವೆ. ತಿಂಗಳಿಗೊಮ್ಮೆ ಎಲ್ಲರ ಹೆಸರನ್ನು ಆ ಡಬ್ಬಿಗೆ ಹಾಕಿ ಕುಲುಕಿ ಒಂದು ಎತ್ತುತ್ತೇವೆ; ಯಾರ ಹೆಸರೋ ಅವರಿಗೆ ಆ ಸಲದ ಬಿರಿಯಾನಿ ದೇಗಡೆ, ಇಲ್ಲವೇ ಇಡ್ಲಿ ಅಟ್ಟ. ಡಬ್ಬಿ ಇರುವುದು ನನ್ನ ಹತ್ತಿರ, ಚೀಟಿ ಕುಲುಕುವವಳೂ ನಾನೇ. ಚೀಟಿ ಎತ್ತುವುದನ್ನು ತಪ್ಪೆಂದವರನ್ನು ನಾನು ಕಂಡಿಲ್ಲ. ಒಂದರಿಂದ ಇಪ್ಪತ್ತರವರೆಗೆ ಬರೆದು, ಮಡಚಿ, ಡಬ್ಬಿಗೆ ಹಾಕಿದೆ. "ತಗೋ, ನಿನ್ನ ಇಪ್ಪತ್ತು ಮುಖದ ದಾಳ." ರಿಫಾ ಡಬ್ಬಿಯನ್ನೂ ನನ್ನನ್ನೂ ಮೂರು ಸಲ ನೋಡಿ, "ಅವರು ನಗ್ತಾರೆ ಉಮ್ಮಾ" ಎಂದಳು.

ಅವರು ನಕ್ಕರು. ಶುಕ್ರವಾರ ತುಪ್ಪದ ನೆಯ್ಚೋರು ತಿಂದು, ಬಟ್ಟಲು ನೆಕ್ಕಿ, ನಕ್ಕರು. ಕಥೆ ನಡೆಸುವವಳು ಶ್ರಾವ್ಯ, ಸುರತ್ಕಲ್ಲಿನವರ ಮಗಳು, ದೊಡ್ಡ ಗಂಟಲು. ಆಡುವವರು ಆಯಿಷಾ, ಲೆಕ್ಕದಲ್ಲಿ ಚುರುಕಾದ ಜೋಸ್ಲಿನ್, ಮತ್ತು ರಿಫಾ. ಡಬ್ಬಿ ಹಿಡಿದು ನಾನು ಬದಿಯಲ್ಲಿ ಕೂತೆ. ಪುಣ್ಯಕ್ಕೆ ಗುಹೆಯೊಳಗೆ ಹೋದ ಮೇಲೆ ಅವರು ನಗು ಮರೆತರು. ನನ್ನ ಕಣ್ಣು ಮಾತ್ರ ರಿಫಾಳ ಕೈಯ ಮೇಲೆ. ಮೊದಲ ಸಲ ಎರಡು ಬಂತು. ಅವಳು ಹಳ್ಳಕ್ಕೆ ಬಿದ್ದಳು. ಆಮೇಲೆ ನಾಲ್ಕು, ಕತ್ತಿ ಮುರಿಯಿತು. ಆಮೇಲೆ ಒಂದು. "ಅಯ್ಯೋ ರಿಫಾ, ನೀನು ಎದ್ದು ಕೈ ತೊಳ್ಕೊಂಡು ಬಾ" ಎಂದು ಆಯಿಷಾ ಹಾಸ್ಯ ಮಾಡಿದಳು. ರಿಫಾ ನಕ್ಕಳು, ಆ ನಗು ನನಗೆ ಗೊತ್ತು, ಅರ್ಧ ಪತ್ತಿರಿಯ ನಗು. ಕೊನೆಯ ಕೋಣೆಯಲ್ಲಿ ಕಲ್ಲಿನ ದೈತ್ಯ. ಆಯಿಷಾ ಬಿದ್ದಳು. ಜೋಸ್ಲಿನ್ ಏಳು ಎತ್ತಿ ಬಿದ್ದಳು. ಉಳಿದವಳು ರಿಫಾ, ಅರ್ಧ ಕತ್ತಿ ಹಿಡಿದುಕೊಂಡು.

"ಹದಿನೆಂಟಕ್ಕಿಂತ ಹೆಚ್ಚು ಬರಬೇಕು. ಇಲ್ಲದಿದ್ರೆ ಖಲಾಸ್, ಎಲ್ಲರೂ ಸತ್ರು" ಎಂದಳು ಶ್ರಾವ್ಯ. ನಾನು ಡಬ್ಬಿ ಕುಲುಕಿ ಮುಂದೆ ಹಿಡಿದೆ. ರಿಫಾ ಕಣ್ಣು ಮುಚ್ಚಿ ಕೈ ಹಾಕಿದಳು. ಇಪ್ಪತ್ತು!

ಆ ಕೂಗಿಗೆ ಪಕ್ಕದ ಮನೆಯವರು ಗೋಡೆ ಬಡಿದರು. ಮೂವರೂ ಅವಳ ಮೇಲೆ ಬಿದ್ದು ಕುಣಿದ ಮೇಲೆ ಜೋಸ್ಲಿನ್ ಡಬ್ಬಿಯನ್ನು ಎತ್ತಿ ಬೋರಲು ಹಾಕಿದಳು. ಏನೂ ಬೀಳಲಿಲ್ಲ. ಅವಳು ನನ್ನ ಮಡಿಲ ತಟ್ಟೆಯನ್ನು ನೋಡಿದಳು. ರಿಫಾಳ ಕೈಯಲ್ಲಿದ್ದದ್ದು ಬಿಟ್ಟು, ಎತ್ತಿದ ಚೀಟಿಗಳೆಲ್ಲ ಅಲ್ಲಿದ್ದವು, ಹತ್ತೊಂಬತ್ತು.

"ಆಂಟಿ, ನೀವು ಚೀಟಿ ವಾಪಸ್ ಹಾಕ್ಲೇ ಇಲ್ವಾ?"

ಪಾತ್ರೆಯ ಚೀಟಿಯಲ್ಲಿ ಒಮ್ಮೆ ಬಂದ ಹೆಸರನ್ನು ತಿರುಗಿ ಹಾಕುವುದಿಲ್ಲ. ಹಾಕಿದರೆ ಒಬ್ಬಳಿಗೇ ಎರಡು ದೇಗಡೆ ಹೋಗಿ ಕಟ್ಟಡದಲ್ಲಿ ಜಗಳವಾಗುತ್ತದೆ. ಕೈಗೆ ಅದೇ ರೂಢಿ. ನಾನು ತೊದಲುತ್ತ ಇದನ್ನು ವಿವರಿಸಿದೆ. ರಿಫಾಳ ಮುಖ ಕೆಂಪಾಗಿತ್ತು. ಇನ್ನು ಈ ಹುಡುಗಿಯರು ಎದ್ದು ಚಪ್ಪಲಿ ಹಾಕುತ್ತಾರೆ, ಮತ್ತೆ ಬುತ್ತಿಯ ಡಬ್ಬಿಯಲ್ಲಿ ಒಂದು ಪತ್ತಿರಿ ವಾಪಸು ಎಂದು ನಾನು ಲೆಕ್ಕ ಹಾಕಿಬಿಟ್ಟೆ.

ಶ್ರಾವ್ಯ ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ನೋಡಿದಳು. "ಅಂದ್ರೆ ಕೆಟ್ಟದ್ದು ಎಷ್ಟು ಬಂತೋ ಅಷ್ಟು ಮುಗಿದುಹೋಗ್ತದೆ. ಮತ್ತೆ ಒಳ್ಳೇದೇ ಬರ್ಬೇಕು."

"ಇಟ್ಸ್ ಸೋ ಫೇರ್ ಯಾ" ಎಂದಳು ಜೋಸ್ಲಿನ್. "ನನ್ನ ಅಣ್ಣನ ದಾಳದಲ್ಲಿ ನಂಗೆ ಯಾವತ್ತೂ ಒಂದೇ ಬರುದು. ನಾವು ಹೀಗೇ ಆಡುವ. ಮುಂದಿನ ಶುಕ್ರವಾರ ಮರುಭೂಮಿದು, ಆಂಟಿ. ನೀವೇ ಡಬ್ಬಿ ಹಿಡೀಬೇಕು."

"ಮರುಭೂಮಿಯಲ್ಲಿ ಕಹ್ವಾ ಇರ್ಬೇಕು" ಎಂದೆ.

ಅವರು ಹೋದ ಮೇಲೆ ಇವರು ಸಂಜೆಯ ಚಾ ಕುಡಿಯುತ್ತ, "ಪರವಾಗಿಲ್ಲ, ನಿನ್ನ ಮರೆವಿನಿಂದ ಒಳ್ಳೆಯದೇ ಆಯಿತು" ಎಂದರು. ನಾನು ಹೂಂ ಅಂದೆ. ಓದುಗರಲ್ಲಿ ಸುಳ್ಳು ಹೇಳಬಾರದು. ಜೋಸ್ಲಿನ್ ಏಳು ಎತ್ತಿದಾಗ ನಾನು ಡಬ್ಬಿಯೊಳಗೆ ನೋಡಿದ್ದೆ. ಒಂದೇ ಚೀಟಿ ಇತ್ತು. ತಟ್ಟೆಯಲ್ಲಿ ಇಪ್ಪತ್ತೆಂದು ಬರೆದ ಚೀಟಿ ಕಂಡಿರಲಿಲ್ಲ. ಸರದಿ ರಿಫಾಳದು. ಬಾಯಿ ತೆರೆದು ಹೇಳಬೇಕಾದವಳು ನಾನು. ಹೇಳುವ ಬದಲು ಆ ಒಂಟಿ ಚೀಟಿಯನ್ನೇ, ಒಳಗೆ ಇನ್ನೂ ಹತ್ತೊಂಬತ್ತು ಇರುವ ಹಾಗೆ, ಗಂಭೀರವಾಗಿ ಕುಲುಕಿದೆ. ದಾಳ ಮುಟ್ಟಬಾರದೆಂದು ವಾರವಿಡೀ ಉಪದೇಶ ಮಾಡಿದವಳ ಕೈ ಅದು.

ಮುಸ್ಸಂಜೆಯ ಮಗ್ರಿಬ್ ನಮಾಝಿನ ಮೇಲೆ ಬಹಳ ಹೊತ್ತು ಕೂತು ಮಾಡಿದ ತಪ್ಪಿಗೆ ತೌಬಾ ಕೇಳಿದೆ. ನಡುನಡುವೆ ಶುಕ್ರ್ ಕೂಡ ನುಸುಳುತ್ತಿತ್ತು. ಎರಡನ್ನೂ ಒಟ್ಟಿಗೆ ಹೇಳಬಹುದೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಡೈರಿ ತೆರೆದು, ಹನ್ನೆರಡು ಪುಸ್ತಕಗಳ ಪಟ್ಟಿಯ ಕೆಳಗೆ ಹದಿಮೂರನೆಯದಾಗಿ ನನ್ನ ಹೆಸರು ಬರೆದೆ. ತೀರ್ಪು: ಮನೆಯಲ್ಲಿ ಇಡಬಹುದು. ಡಬ್ಬಿ ಕೈಗೆ ಕೊಟ್ಟಾಗ ಒಬ್ಬರು ಎಣಿಸುತ್ತಿರಬೇಕು.