ಕೆರೆಗೆ ಬಿದ್ದ ರಾಜಚೆಂಡು

ಬಹಳ ಹಿಂದೆ, ಅಂದರೆ ಪರಂಪರೆಗೂ ಒಂದು ಖಾತೆ ಹುಟ್ಟಿಕೊಂಡ ಹೊಸದರಲ್ಲಿ, ತೃಣಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಮಹಾರಾಜ ವಿಲಾಸಭೂಪರು ಗಾಲ್ಫ್ ಆಡುತ್ತಿದ್ದರು. ಯುಗಾದಿಗೆ ಉದ್ಘಾಟನೆಯಾದ ಅರಮನೆಯ ಗಾಲ್ಫ್ ಕ್ಲಬ್ಬಿಗೆ ಪರಂಪರಾ ಮಂತ್ರಿ ವಾಮದೇವಯ್ಯನವರು ದೀಪಾವಳಿಯೊಳಗೆ ಮುನ್ನೂರು ವರ್ಷದ ಇತಿಹಾಸ ಒದಗಿಸಿದ್ದರು. ಕ್ಲಬ್ಬಿನ ಗೋಡೆಯ ಚಿತ್ರಗಳಲ್ಲಿ ಏಳು ತಲೆಮಾರಿನ ರಾಜರು ಗಾಲ್ಫ್ ಕೋಲು ಹಿಡಿದು ನಿಂತಿದ್ದರು. ಮೊದಲು ಅವರ ಕೈಯಲ್ಲಿ ಕತ್ತಿಯಿತ್ತು. ಹೊಸ ಬಣ್ಣ ಇನ್ನೂ ಆರಿರಲಿಲ್ಲ.

ಕ್ಲಬ್ಬಿನ ಬೇಲಿಯಾಚೆ ಊರ ಕೆರೆ. ಕೆರೆಯ ಕೆಳಗೆ ಸಣ್ಣೀರಮ್ಮನ ಸೊಪ್ಪಿನ ಮಡಿ. ಆ ಬೆಳಿಗ್ಗೆ ಅವಳು ದಂಟಿನ ಸೊಪ್ಪು ತೊಳೆಯುತ್ತಿದ್ದಾಗ ಬಿಳಿ ಚೆಂಡೊಂದು ಹಾರಿಬಂದು ಗುಳುಂ ಎಂದು ನೀರಿಗೆ ಬಿತ್ತು. ಹಿಂದೆಯೇ ರಾಜರು, ಮಂತ್ರಿಗಳು, ಕೊಡೆ ಹಿಡಿಯುವವರು, ಚಪ್ಪಾಳೆ ತಟ್ಟುವವರು ಬಂದರು.

"ಸೊಂಟದುದ್ದ ನೀರೈತೆ ಅಷ್ಟೆ. ಎತ್ಕೊಡ್ತೀನಿ ಬುದ್ಧಿ," ಎಂದು ಸಣ್ಣೀರಮ್ಮ ಸೆರಗು ಬಿಗಿದಳು.

"ಮುಟ್ಟೀಯೆ, ಜೋಕೆ!" ಮಂತ್ರಿಗಳು ಬೆಚ್ಚಿಬಿದ್ದರು. "ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಹೊಡೆಯಬೇಕು. ಮುನ್ನೂರು ವರ್ಷದ ನಿಯಮ."

"ನೀರಿಗೆ ಬಿದ್ದರೆ ಒಂದು ಹೊಡೆತ ದಂಡ ತೆತ್ತು ದಡದಿಂದ ಆಡಬಹುದಂತಲ್ಲ?" ಎಂದರು ರಾಜರು, ಆಸೆಯಿಂದ.

"ದಂಡವೆಂಬುದು ಪ್ರಜೆಗಳಿಗೆ, ಪ್ರಭು! ರಾಜರು ದಂಡ ತೆತ್ತ ನಿದರ್ಶನ ನಮ್ಮ ಇತಿಹಾಸದಲ್ಲೇ ಇಲ್ಲ."

"ಆ ಇತಿಹಾಸ ಬರೆದವರು ನೀವೇ ಅಲ್ಲವೇ?"

"ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ, ಪ್ರಭು."

ಕೂಡಲೇ ರಾಜಾಜ್ಞೆ ಹೊರಟಿತು: ಶ್ರೀಮನ್ಮಹಾರಾಜರ ಚೆಂಡು ವಿಶ್ರಮಿಸಿರುವ ಜಲಾಶಯವನ್ನು ಸಮರೋಪಾದಿಯಲ್ಲಿ ನಿರ್ಜಲೀಕರಿಸತಕ್ಕದ್ದು. ಸೇವಕರು ತೂಬು ಎತ್ತಲು ಓಡಿದರು.

"ಅಯ್ಯೋ ಬುದ್ಧಿ, ಬ್ಯಾಸಿಗೆ ಪೂರಾ ಇದೇ ನೀರು ನಮ್ಗೆ! ನನ್ನ ಮಡಿ ಒಣಗೋಯ್ತದೆ!"

"ತಾಯೀ, ನಿನಗೆ ಬರೀ ಸೊಪ್ಪು ಕಾಣುತ್ತೆ. ನಮಗೆ ಇತಿಹಾಸ ಕಾಣುತ್ತೆ," ಎಂದರು ಮಂತ್ರಿಗಳು.

"ಕಾಣ್ಲಿ ಬುದ್ಧಿ. ಮಧ್ಯಾನುಕ್ಕೆ ಅದ್ರಲ್ಲೇ ಬಸ್ಸಾರು ಮಾಡ್ಕಂಡು ಉಣ್ಣಿ."

ತೂಬಿನ ನೀರು ಮೊದಲು ಅವಳ ಮಡಿಯನ್ನೇ ಕೊಚ್ಚಿ ಹಳ್ಳ ಸೇರಿತು. ಕೆಸರಿನಲ್ಲಿ ಚೆಂಡು ಕಂಡಿತು. ರಾಜರು ಕೋಲು ಬೀಸಿದರು. ಕೆಸರು ಮಂತ್ರಿಗಳ ಮುಖಕ್ಕೆ ಹಾರಿತು; ಚೆಂಡು ಇನ್ನೊಂದು ಗೇಣು ಒಳಗೆ ಹೋಯಿತು.

"ಆಹಾ! ಎಷ್ಟು ಆಳವಾದ ಹೊಡೆತ!" ಎಂದರು ಮಂತ್ರಿಗಳು, ಕೆಸರನ್ನು ಒರೆಸಿಕೊಳ್ಳದೆ.

ಆ ದಿನ 'ಮಹಾಪ್ರಹಾರ ದಿನ'ವಾಯಿತು. ವರ್ಷವರ್ಷವೂ ಕೆರೆ ಬರಿದು ಮಾಡಿ, ರಾಜರು ಅಲ್ಲೇ ಕೋಲು ಬೀಸಬೇಕೆಂದು ತೀರ್ಮಾನವಾಯಿತು. ಆದರೆ ಮರುವರ್ಷ ಒಂದು ತಾಂತ್ರಿಕ ತೊಡಕು ಎದುರಾಯಿತು. ಮಳೆ ಸಾಲದೆ ಕೆರೆ ತುಂಬಿರಲಿಲ್ಲ; ಬರಿದು ಮಾಡಬೇಕಾದರೆ ತುಂಬಿರಬೇಕಲ್ಲ? ಮನೆಗೊಂದು ಕೊಡ, ದಿನವೂ, ಎಂದು ಡಂಗುರ ಸಾರಿದರು.

ಮಹಾಪ್ರಹಾರ ದಿನದ ಬೆಳಿಗ್ಗೆಯೂ ಸಣ್ಣೀರಮ್ಮ ದೂರದ ಹೊಳೆಯಿಂದ ಕೊಡ ಹೊತ್ತು ತಂದು ಕೆರೆಗೆ ಸುರಿದಳು. ಕೊಡದ ತಳದಲ್ಲುಳಿದ ಒಂದು ಬೊಗಸೆ ನೀರನ್ನು ತನ್ನ ಬಿರಿದ ಮಡಿಯತ್ತ ಒಯ್ಯಹೋದಾಗ ಕಾವಲುಗಾರ ಅಬ್ಬರಿಸಿದ: "ಏ ಯಮ್ಮಾ! ಪರಂಪರೆ ನೀರ್ನ ಸೊಪ್ಪಿಗ್ ಹಾಕ್ತೀಯಾ?"

ಅವಳು ಅದನ್ನೂ ಕೆರೆಗೆ ಬಸಿದು, ಚಪ್ಪಾಳೆಯ ಸಾಲಿನಲ್ಲಿ ನಿಂತಳು. ಒದ್ದೆ ಕೈಯ ಚಪ್ಪಾಳೆ ಹೆಚ್ಚು ಸದ್ದು ಮಾಡುತ್ತದೆಂದು ಮಂತ್ರಿಗಳು ಮೆಚ್ಚಿದರು.